ಬಚ್ಚಲೊಲೆ ಪಕ್ಕದ ಬ್ರೆಡ್ಡು

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಬ್ರೆಡ್ಡು ಅಂದರೆ ಜ್ವರ ಬಂದವರ ಊಟ. ನಾನು ಚಿಕ್ಕವಳಿದ್ದಾಗ ಅಪ್ಪ ತೀರ್ಥಹಳ್ಳಿ ಪೇಟೆಯಿಂದ ಬ್ರೆಡ್ಡು ತಂದರು ಅಂದರೆ ಮನೆಯಲ್ಲಿ ಯಾರೋ ಮಲಗಿದ್ದಾರೆ ಅಂತಲೇ ಅರ್ಥ. ಬಿಸಿ ಹಾಲಿಗೆ ಅದ್ದಿ ತಿನ್ನಬೇಕು, ಮೇಲೊಂದು ಮಾತ್ರೆ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೂ ಕೈಚೀಲದಲ್ಲಿ ಅದೇ, ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ. ಹಾಗಾಗಿ ಮನೆಯಲ್ಲೇ ಬ್ರೆಡ್ಡು ಮಾಡುತ್ತೇನೆ ಅಂತ ನಾನು ಹೇಳಿದ ದಿನ ನಮ್ಮ ಮಾವ ಪೇಪರಿನಿಂದ ತಲೆ ಎತ್ತಿ ಕೇಳಿದರು, "ಯಾರಿಗೆ ಹುಷಾರಿಲ್ಲ?"

ಯಾರಿಗೂ ಏನೂ ಆಗಿರಲಿಲ್ಲ. ಮಳೆ ರಜೆ ಇತ್ತು ಅಷ್ಟೇ. ಪುನರ್ವಸು ಮಳೆ ಹಿಡಿದಿತ್ತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಇದೇನು ಹೊಸದಲ್ಲ. ಬೆಳಿಗ್ಗೆ ಎದ್ದು ಫೋನು ನೋಡಿದರೆ ಶಾಲೆಗೆ ರಜೆ ಅಂತ ಬಂದಿರುತ್ತದೆ. ನನ್ನ ಮಗಳು, ಮೈದುನನ ಮಗ, ಪಕ್ಕದ ಮನೆಯ ಇಬ್ಬರು, ಒಟ್ಟು ನಾಲ್ಕು ಮಕ್ಕಳು. ಹೊರಗೆ ಬಿಟ್ಟರೆ ಉಂಬಳ, ಒಳಗೆ ಬಿಟ್ಟರೆ ಜಗಳ. ಏನಾದರೂ ಕೈಗೆ ಕೆಲಸ ಕೊಡಬೇಕಲ್ವಾ?

ಫೋನಿನಲ್ಲಿ ಯಾರೋ ಹೇಳಿಕೊಟ್ಟ ಹಾಗೆ ಹಿಟ್ಟು ಕಲಸಿದೆವು. "ಒಂದು ಗಂಟೆ ಬಿಡಿ, ಹಿಟ್ಟು ಎರಡರಷ್ಟಾಗುತ್ತದೆ" ಅಂದಿದ್ದರು. ಸರಿಯಾಗಿ ಒಂದು ಗಂಟೆ ಬಿಟ್ಟೆವು. ಹಿಟ್ಟು ಇದ್ದಲ್ಲೇ ಇತ್ತು. ಆದರೂ ಗಂಟೆ ಮುಗಿಯಿತಲ್ಲ ಅಂತ ಬೇಯಿಸಿದೆ. ಬಂದದ್ದು ಬ್ರೆಡ್ಡಲ್ಲ, ಒನಕೆಗೂ ಜಗ್ಗದ ಒಂದು ಗುಂಡುಕಲ್ಲು. "ಇದನ್ನು ಕೊಯ್ಯಲು ಅಡಿಕೆ ಸುಲಿಯುವ ಮೆಟ್ಟುಗತ್ತಿಯೇ ಬೇಕು" ಅಂತ ನಮ್ಮ ಯಜಮಾನರು ನಕ್ಕರು. ಮಕ್ಕಳು ನಗಲಿಲ್ಲ. ಅವರು ಬೆಳಗಿನಿಂದ ಕಾದಿದ್ದರು ಪಾಪ.

ಆಗ ಅತ್ತೆ ಒಂದು ಮಾತು ಕೇಳಿದರು. "ಅಲ್ಲ ಮಾರಾಯ್ತಿ, ಈ ಚಳಿಯಲ್ಲಿ ದೋಸೆ ಹಿಟ್ಟೇ ಎರಡು ದಿನ ಹುಳಿ ಬರುವುದಿಲ್ಲ. ಇದೊಂದು ಗಂಟೆಯಲ್ಲಿ ಹೇಗೆ ಬರುತ್ತದೆ?"

ನೋಡಿ, ನನಗೆ ಇದು ಹೊಳೆದೇ ಇರಲಿಲ್ಲ. ಮಳೆಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಬಚ್ಚಲುಮನೆಗೆ ಒಯ್ದು, ಹಂಡೆ ಒಲೆಯ ಪಕ್ಕದ ಕಟ್ಟೆ ಮೇಲೆ ಇಡುವವಳು ದಿನಾ ನಾನೇ. ಬ್ರೆಡ್ಡಿನ ಹಿಟ್ಟು ಮಾತ್ರ ಪೇಟೆಯದು, ಅದಕ್ಕೆ ಗಡಿಯಾರ ಸಾಕು ಅಂದುಕೊಂಡಿದ್ದೆ. ಆ ಒಂದು ಗಂಟೆಯ ಲೆಕ್ಕ ಹೇಳಿದವರು ಯಾವ ಊರಿನವರೋ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ನಮ್ಮ ತಾಲೂಕಿನದ್ದೇ. ಜುಲೈ ತಿಂಗಳಲ್ಲಿ ನಮ್ಮ ಅಡಿಗೆಮನೆ 20 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಯೀಸ್ಟಿಗೆ ಹಿತವಾಗುವುದು 25ರಿಂದ 35 ಡಿಗ್ರಿ.

ಮರುದಿನವೂ ರಜೆ. ಈ ಸಲ ಹಿಟ್ಟು ಬಚ್ಚಲುಮನೆಗೆ ಹೋಯಿತು. ಒಲೆಗೆ ತೀರಾ ಹತ್ತಿರ ಇಡಬಾರದು, ಪಾತ್ರೆ ಮುಟ್ಟಿದರೆ ಬೆಚ್ಚಗಿದ್ದರೆ ಸಾಕು. ಮೇಲೊಂದು ಒದ್ದೆ ಬಟ್ಟೆ. ಮಕ್ಕಳಿಗೆ ಹೇಳಿದೆ, "ಗಡಿಯಾರ ನೋಡಬೇಡಿ, ಹಿಟ್ಟು ನೋಡಿ." ಪಾತ್ರೆಯ ಹೊರಗೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರು, ಈಗ ಎಲ್ಲಿದೆ, ಎಲ್ಲಿಗೆ ಬರಬೇಕು ಅಂತ. ಆಮೇಲೆ ಸರದಿ ಹಾಕಿಕೊಂಡು ಕಾವಲು. ಐದು ನಿಮಿಷಕ್ಕೊಬ್ಬರು ಹೋಗಿ ಬಟ್ಟೆ ಎತ್ತಿ ನೋಡುವುದು. ಹಾಗೆ ಎತ್ತಬೇಡಿ ಅಂತ ಎಷ್ಟು ಹೇಳಿದರೂ ಅಷ್ಟೇ.

ಕಾಯುವ ಹೊತ್ತಿಗೆ ಒಂದು ಆಟ ಇದೆ. ಮೂರು ಖಾಲಿ ಬಾಟಲಿ ತೆಗೆದುಕೊಳ್ಳಿ, ಗಾಜಿನದ್ದಾದರೆ ಒಳ್ಳೆಯದು. ಮೂರಕ್ಕೂ ಒಂದೊಂದು ಚಮಚ ಯೀಸ್ಟು, ಒಂದೊಂದು ಚಮಚ ಸಕ್ಕರೆ. ಒಂದಕ್ಕೆ ಬಾವಿಯ ತಣ್ಣೀರು, ಇನ್ನೊಂದಕ್ಕೆ ಎಳೆಮಗುವಿಗೆ ಮೀಯಿಸುವ ನೀರಿನ ಹದ, ಮೂರನೆಯದಕ್ಕೆ ಕೈ ಸುಡುವ ನೀರು. ಮೂರನೆಯದನ್ನು ನೀವೇ ಹಾಕಿ. ಬಾಯಿಗೆ ಬಲೂನು ಸಿಕ್ಕಿಸಿ ಬಿಡಿ. ಅರ್ಧ ಗಂಟೆಯಲ್ಲಿ ಮಗುವಿನ ನೀರಿನ ಬಲೂನು ಎದ್ದು ನಿಲ್ಲುತ್ತದೆ. ತಣ್ಣೀರಿನದು ನಿಧಾನಕ್ಕೆ ಮಿಸುಕುತ್ತದೆ. ಸುಡುನೀರಿನದು ಏಳುವುದೇ ಇಲ್ಲ. ಯೀಸ್ಟು ಒಂದು ಜೀವಿ, ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, 60 ಡಿಗ್ರಿ ಹತ್ತಿರ ಬಂದರೆ ಸತ್ತೇ ಹೋಗುತ್ತದೆ. ಇದನ್ನು ಬಾಯಲ್ಲಿ ಹೇಳಿದ್ದರೆ ಯಾರು ಕೇಳುತ್ತಿದ್ದರು? ಮೈದುನನ ಮಗ ಮೂರನೆಯ ಬಾಟಲಿ ನೋಡಿ, "ದೊಡ್ಡಮ್ಮ, ಇದನ್ನು ನಾವು ಕೊಂದ್ವಾ?" ಅಂದ. ಆ ಬೇಜಾರು ಸಂಜೆವರೆಗೂ ಇತ್ತು.

ಈಗ ಅಳತೆ ಹೇಳುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ. ಮೈದಾ 250 ಗ್ರಾಂ, ಗೋಧಿ ಹಿಟ್ಟು 250 ಗ್ರಾಂ. ಒಣ ಯೀಸ್ಟು ಎರಡು ಸಣ್ಣ ಚಮಚ, ಅಂದರೆ ಸುಮಾರು 7 ಗ್ರಾಂ. ಸಕ್ಕರೆ ಎರಡು ಸಣ್ಣ ಚಮಚ, ಉಪ್ಪು ಒಂದೂವರೆ ಸಣ್ಣ ಚಮಚ, ಬೆಣ್ಣೆ ಎರಡು ದೊಡ್ಡ ಚಮಚ. ಬೆಚ್ಚಗಿನ ನೀರು 300 ಮಿಲಿಲೀಟರ್. ನೀರನ್ನು ಒಮ್ಮೆಲೇ ಸುರಿಯಬೇಡಿ. ಮಳೆಗಾಲದಲ್ಲಿ ಡಬ್ಬಿಯ ಹಿಟ್ಟೇ ಥಂಡಿ ಹಿಡಿದಿರುತ್ತದೆ, ಕಡಿಮೆ ನೀರು ಕುಡಿಯುತ್ತದೆ. ಯೀಸ್ಟನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಡ್ಜಿನಲ್ಲಿಡಿ, ತೇವ ತಾಗಿದರೆ ಅದು ಕೆಲಸಕ್ಕೆ ಬಾರದು.

ನಾದುವುದಿದೆಯಲ್ಲ, ಅದು ಮಕ್ಕಳದ್ದೇ ಕೆಲಸ. ಹತ್ತು ನಿಮಿಷ ಬೇಕು. ನಮ್ಮ ಮಕ್ಕಳಿಗೆ ಅಕ್ಕಿರೊಟ್ಟಿ ಹಿಟ್ಟು ಗೊತ್ತು, ಎಳೆದರೆ ಪಟ್ಟನೆ ಹರಿಯುತ್ತದೆ. ಅಕ್ಕಿಯಲ್ಲಿ ಗೋಧಿಯ ಅಂಟು ಇಲ್ಲ, ಅದಕ್ಕೇ ನಾವು ಕುದಿಯುವ ನೀರಿಗೆ ಹಾಕಿ ಉಕ್ಕರಿಸಿಕೊಳ್ಳುವುದು. ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇದೆ. ನಾದಿದಷ್ಟೂ ಅದು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಯೀಸ್ಟು ಬಿಟ್ಟ ಗಾಳಿ ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಒಂದು ಚೂರು ಹಿಟ್ಟು ತೆಗೆದು ಕಿಟಕಿ ಬೆಳಕಿಗೆ ಹಿಡಿದು ತೆಳ್ಳಗೆ ಎಳೆಯಿರಿ. ಹರಿಯದೆ, ಆಚೆಯ ಬೆಳಕು ಕಂಡರೆ ನಾದಿದ್ದು ಸಾಕು. ನಮ್ಮ ಮನೆಯಲ್ಲಿ ಬೆಳಕೇ ಇರಲಿಲ್ಲ ಬಿಡಿ, ಹಗಲು ಹನ್ನೊಂದಕ್ಕೆ ಟಾರ್ಚು ಹಾಕಿ ನೋಡಿದೆವು.

ಬಚ್ಚಲುಮನೆಯಲ್ಲಿ ಎರಡನೆಯ ಗೆರೆ ಮುಟ್ಟಲು ಹಿಟ್ಟಿಗೆ ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಮೆಲ್ಲಗೆ ಗುದ್ದಿ ಗಾಳಿ ತೆಗೆಯಬೇಕು. ಇದಕ್ಕೆ ನಾಲ್ವರಿಗೂ ಜಗಳ ಆಗುತ್ತದೆ, ಮೊದಲೇ ನಾಲ್ಕು ಪಾಲು ಮಾಡಿಬಿಡಿ. ಅರ್ಧ ಹಿಟ್ಟು ಬ್ರೆಡ್ಡಿಗೆ, ಅರ್ಧ ಮಕ್ಕಳ ಕೈಗೆ. ಆಕಾರ ಮಾಡಿ ಮತ್ತೆ ಉಬ್ಬಲು ಬಿಡಿ. ಬೆರಳಿನಿಂದ ಒತ್ತಿದ ಗುಳಿ ತಟ್ಟನೆ ಮುಚ್ಚಿದರೆ ಇನ್ನೂ ಹೊತ್ತಿದೆ. ನಿಧಾನಕ್ಕೆ ಅರ್ಧ ಮಾತ್ರ ಮುಚ್ಚಿದರೆ ಬೇಯಿಸಬಹುದು.

ಓವನ್ ಇದ್ದವರು 190 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಮಳೆಗಾಲದಲ್ಲಿ ನಮ್ಮ ಕರೆಂಟನ್ನು ನಂಬಿ ಓವನ್ ಹಚ್ಚುವ ಧೈರ್ಯ ನನಗಿಲ್ಲ. ಹಳೆಯ ಕುಕ್ಕರ್ ಒಂದನ್ನು ಇದಕ್ಕೇ ಇಟ್ಟಿದ್ದೇನೆ. ತಳಕ್ಕೆ ತೊಳೆದು ಒಣಗಿಸಿದ ಹೊಳೆಮರಳು ಒಂದು ಇಂಚು, ಅದರ ಮೇಲೊಂದು ಸಿಂಬಿ. ಮುಚ್ಚಳದ ರಬ್ಬರ್, ವೆಯ್ಟ್ ಎರಡನ್ನೂ ತೆಗೆಯಲೇಬೇಕು. ಹತ್ತು ನಿಮಿಷ ಕಾಯಿಸಿ, ಬ್ರೆಡ್ಡಿನ ಪಾತ್ರೆ ಒಳಗಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಇದರ ಹತ್ತಿರ ಮಕ್ಕಳು ಬರಕೂಡದು, ಕಾದ ಮರಳು ಬೇಗ ಆರುವುದಿಲ್ಲ. ಕುಕ್ಕರಿನ ಬ್ರೆಡ್ಡಿಗೆ ನೆತ್ತಿ ಕೆಂಪಾಗುವುದಿಲ್ಲ. ಕಾವಲಿ ಮೇಲೆ ಎರಡು ನಿಮಿಷ ಬೋರಲು ಹಾಕಿದರೆ ಆಯಿತು. ತಳಕ್ಕೆ ಬೆರಳಿನಿಂದ ಬಡಿದರೆ ಡೊಳ್ಳಿನ ಹಾಗೆ ಟೊಳ್ಳು ಸದ್ದು ಬರಬೇಕು. ಆ ಬಡಿಯುವ ಹಕ್ಕು ನಮ್ಮ ಮನೆಯಲ್ಲಿ ಚಿಕ್ಕವಳದ್ದು.

ಮಕ್ಕಳ ಪಾಲಿನ ಹಿಟ್ಟಿನಲ್ಲಿ ನಾನು ಕೈ ಹಾಕಲಿಲ್ಲ. ಒಬ್ಬಳು ಓಮ ಹಾಕಿ ಕೋಡುಬಳೆಯ ಹಾಗೆ ಹೊಸೆದಳು. ಇನ್ನೊಬ್ಬ ಆಮೆ ಮಾಡಿ ಎರಡು ಕಾಳುಮೆಣಸನ್ನು ಕಣ್ಣಿಗಿಟ್ಟ. ಗೆದ್ದದ್ದು ಮಾತ್ರ ಬಸವನಹುಳು. ಹಿಟ್ಟನ್ನು ಲಟ್ಟಿಸಿ, ಕಾಯಿತುರಿ, ಬೆಲ್ಲ, ಏಲಕ್ಕಿಯ ಹೂರಣ ಸವರಿ, ಸುರುಳಿ ಸುತ್ತಿ, ಬಾಲವನ್ನು ತಲೆಯ ಹಾಗೆ ಎತ್ತಿ ಬಿಟ್ಟರು. ಹೂರಣ ಒಣಗಿರಬೇಕು, ಇಲ್ಲವಾದರೆ ಪಾಕ ಸೋರಿ ತಳ ಹಿಡಿಯುತ್ತದೆ. ನಮ್ಮದೂ ಹಿಡಿಯಿತು. ಆ ಕರಿದಾದ ಬೆಲ್ಲವನ್ನು ಕೆರೆದು ತಿನ್ನಲು ಸಾಲು ನಿಂತರು.

ಯೀಸ್ಟೇ ಬೇಡ ಅನ್ನುವವರಿಗೆ ಬನ್ಸ್ ಇದೆ. ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಮಕ್ಕಳು ಕೈಯಲ್ಲೇ ಕಿವುಚಲಿ. ಸಕ್ಕರೆ, ಸ್ವಲ್ಪ ಮೊಸರು, ಜೀರಿಗೆ, ಚಿಟಿಕೆ ಸೋಡಾ, ಉಪ್ಪು ಹಾಕಿ, ಹಿಡಿಯುವಷ್ಟು ಮೈದಾ ಸೇರಿಸಿ ರಾತ್ರಿಯಿಡೀ ಬಿಡಿ. ನೀರು ಒಂದು ತೊಟ್ಟೂ ಬೇಡ. ಬೆಳಿಗ್ಗೆ ಪೂರಿಗಿಂತ ದಪ್ಪ ಲಟ್ಟಿಸಿ ಕರಿಯಿರಿ. ಬಾಣಲೆ ನಿಮ್ಮದು, ಲಟ್ಟಿಸುವುದು ಅವರದ್ದು. ಅಮೆರಿಕದ ನಕ್ಷೆಯ ಹಾಗಿದ್ದರೂ ಎಣ್ಣೆಗೆ ಬಿದ್ದರೆ ಉಬ್ಬಿಯೇ ಉಬ್ಬುತ್ತದೆ.

ಬಿಸಿ ಬ್ರೆಡ್ಡನ್ನು ತಕ್ಷಣ ಕೊಯ್ಯಬಾರದು, ಒಳಗೆ ಅಂಟಂಟಾಗುತ್ತದೆ, ಒಂದು ಗಂಟೆ ಆರಬೇಕು ಅಂತ ನಾನು ಓದಿದ್ದೆ. ಅವತ್ತು ಹತ್ತು ನಿಮಿಷವೂ ತಡೆಯಲಿಲ್ಲ. ಅಂಟಂಟಾಗಿಯೇ ಇತ್ತು. ಮಾವ ತುಪ್ಪ, ಜೇನುತುಪ್ಪ ಹಾಕಿಸಿಕೊಂಡು ಮೂರನೆಯ ತುಂಡಿಗೆ ಕೈ ಚಾಚಿದ್ದರು. ಆ ಹೊತ್ತಿಗೆ ಪಕ್ಕದ ಮನೆಯವರು ಮಕ್ಕಳನ್ನು ಕರೆದೊಯ್ಯಲು ಕೊಡೆ ಮಡಚುತ್ತಾ ಜಗಲಿ ಹತ್ತಿದರು. ಮಾವನ ತಟ್ಟೆ ನೋಡಿದರು, ಗಾಬರಿಯಾದರು.

"ಯಾರಿಗೆ ಹುಷಾರಿಲ್ಲ?"

ಬಾಯ್ತುಂಬಾ ಬಸವನಹುಳು ಇಟ್ಟುಕೊಂಡು ಅವರ ಮಗನೇ ಹೇಳಿದ, "ಯಾರಿಗೂ ಏನಾಗಿಲ್ಲಮ್ಮ, ಮಳೆ ರಜೆ."

ನಮಸ್ಕಾರ.