ಹಾಡು ಮುಗಿದರೂ ಫೋಟೋ ಮುಗಿಯಲಿಲ್ಲ

ಕೇಳುಗರಿಗೆ ನಮಸ್ಕಾರ.

ಕಣ್ಣಿಗೆ ಕಾಣಬೇಕಾದ ಸ್ಲೈಡ್ ಶೋ ಬಗ್ಗೆ ರೇಡಿಯೋದಲ್ಲಿ ಮಾತಾಡು ಅಂದರೆ, ಹೋಳಿಗೆ ರುಚಿಯನ್ನು ಫೋನಿನಲ್ಲಿ ಹೇಳು ಅಂದ ಹಾಗೆ. ಆದರೂ ಒಪ್ಪಿಕೊಂಡೆ. ಯಾಕಂದರೆ ನಾನು ನೋಡಿದ ಮಟ್ಟಿಗೆ ಸ್ಲೈಡ್ ಶೋ ಕೆಡುವುದು ಹೆಚ್ಚಾಗಿ ಕಿವಿಯಲ್ಲೇ. ಫೋಟೋಗಳು ಚೆನ್ನಾಗಿಯೇ ಇರುತ್ತವೆ. ಹಾಡು ನಡುವೆಯೇ ನಿಂತುಬಿಡುತ್ತದೆ. ಇಲ್ಲಾ, ಬೇಡದ ಜಾಗದಲ್ಲಿ ಬೇಡದ ಸದ್ದು ಬರುತ್ತದೆ.

ನಾನು ಬೀದರಿನಲ್ಲಿ ಚಿತ್ರಕಲೆ ಕಲಿಸುವ ಮಾಸ್ತರ. ‘ಇವರಿಗೆ ಕಂಪ್ಯೂಟರ್ ಬರುತ್ತೆ’ ಅಂತ ಒಂದು ಸಲ ಹೆಸರು ಬಿತ್ತು ಅಂದರೆ ಮುಗೀತು. ವಾರ್ಷಿಕೋತ್ಸವ, ಯಾರದೋ ಬೀಳ್ಕೊಡುಗೆ, ನೆಂಟರ ಮನೆ ಮದುವೆ, ಎಲ್ಲದಕ್ಕೂ ‘ಸರ್, ಒಂದು ಸಣ್ಣ ಸ್ಲೈಡ್ ಶೋ ಮಾಡಿಕೊಡ್ರೀ’. ಸಣ್ಣದು ಅಂತ ಹೇಳಿಯೇ ಪೆನ್ ಡ್ರೈವ್ ಕೊಡುತ್ತಾರೆ. ತೆರೆದು ನೋಡಿದರೆ ಒಳಗೆ 300 ಫೋಟೋ.

ಕಲಬುರಗಿಯಲ್ಲಿ ನಮ್ಮ ಅಕ್ಕನ ಮಗಳ ನಿಶ್ಚಯ ಇತ್ತು. ಹುಡುಗಿಯ ಬಾಲ್ಯದಿಂದ ಹಿಡಿದು 40 ಫೋಟೋ ಆರಿಸಿದೆ. ಅಕ್ಕ ಒಂದು ಹಾಡು ಹೇಳಿದಳು. ಸರಿಯಾಗಿ 4 ನಿಮಿಷದ್ದು. 4 ನಿಮಿಷ ಅಂದರೆ 240 ಸೆಕೆಂಡು. 40ರಿಂದ ಭಾಗಿಸಿದರೆ ಒಂದು ಫೋಟೋಕ್ಕೆ 6 ಸೆಕೆಂಡು. ಎಷ್ಟು ಸಲೀಸು ಅಂದುಕೊಂಡೆ. ಪವರ್‌ಪಾಯಿಂಟ್‌ನಲ್ಲಿ ‘ಟ್ರಾನ್ಸಿಷನ್ಸ್’ ಅಂತ ಒಂದು ಟ್ಯಾಬ್ ಇದೆಯಲ್ಲ, ಅದರ ಬಲತುದಿಯಲ್ಲಿ ‘ಆಫ್ಟರ್’ ಅನ್ನುವ ಕಡೆ 6 ಸೆಕೆಂಡು ಹಾಕಿದೆ. ಒಂದು ಫೋಟೋ ಕರಗಿ ಇನ್ನೊಂದು ಬರಲಿ ಅಂತ ‘ಫೇಡ್’ ಕೊಟ್ಟೆ. ಅದು ನಿಧಾನಕ್ಕೆ ಆಗಲಿ ಅಂತ ‘ಡ್ಯುರೇಶನ್’ ಒಂದೂವರೆ ಸೆಕೆಂಡು ಮಾಡಿದೆ. ಮೊದಲ ಮೂರು ಫೋಟೋ ಓಡಿಸಿ ನೋಡಿದೆ. ಚೆನ್ನಾಗಿತ್ತು. ಸಾಕು ಅಂತ ಮುಚ್ಚಿಟ್ಟೆ.

ಮರುದಿನ ಹಾಲ್‌ನಲ್ಲಿ ಹಾಡು ಮುಗಿಯಿತು. ಫೋಟೋ ಇನ್ನೂ 8 ಉಳಿದಿದ್ದವು. ಅವು ಸದ್ದಿಲ್ಲದೆ ಒಂದೊಂದಾಗಿ ಬರುತ್ತಾ ಹೋದವು. ಮೇಲೆ ಫ್ಯಾನಿನ ಕರಕರ, ಹಿಂದೆ ಅಡುಗೆಯವರು ಮಿರ್ಚಿ ಭಜಿ ಬಿಡುತ್ತಿದ್ದ ಚುಂಯ್ ಸದ್ದು. ಕತ್ತಲಲ್ಲಿ ನಮ್ಮ ಕಾಕಾ ಕೂಗಿದರು:

“ಯಾಕಪಾ ಮಾಸ್ತರ, ಕರೆಂಟ್ ಹೋತೇನು?”

“ಇಲ್ರೀ ಕಾಕಾ, ಹಾಡ ಹೋತು.”

ಎಲ್ಲಿ ತಪ್ಪಿತು? ಆ ‘ಆಫ್ಟರ್’ ಸಮಯ ಬೇರೆ, ‘ಡ್ಯುರೇಶನ್’ ಬೇರೆ. ಫೋಟೋ ಬದಲಾಗುವುದಕ್ಕೇ ಒಂದೂವರೆ ಸೆಕೆಂಡು ಹೋಗುತ್ತದೆ. ಅದು ಮುಗಿದ ಮೇಲೆ ಆ 6 ಸೆಕೆಂಡಿನ ಎಣಿಕೆ ಶುರು. ಅಲ್ಲಿಗೆ ಒಂದು ಫೋಟೋಕ್ಕೆ ಏಳೂವರೆ ಸೆಕೆಂಡು ಆಯಿತು. 40 ಫೋಟೋಕ್ಕೆ 300 ಸೆಕೆಂಡು. ಅಂದರೆ 5 ನಿಮಿಷ. ನನ್ನ ಹಾಡು 4 ನಿಮಿಷದ್ದು. ಒಂದು ನಿಮಿಷ ಎಲ್ಲಿ ಹೋಯಿತು ಅಂದರೆ, ಆ ಚಂದದ ಕರಗುವಿಕೆಯಲ್ಲೇ ಕರಗಿಹೋಯಿತು. ಸ್ಲೈಡಿನ ಮೇಲೆ ಅಕ್ಷರ ಹಾರಿ ಬರುವ ಆನಿಮೇಶನ್ ಏನಾದರೂ ಇದ್ದರೆ ಅದರ ಹೊತ್ತೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಅಂದಿನಿಂದ ನಾನು ಕೆಲಸ ಉಲ್ಟಾ ಮಾಡುತ್ತೇನೆ. ಮೊದಲು ಹಾಡು. ಅದರ ಉದ್ದ ನೋಡಿ, ಟ್ರಾನ್ಸಿಷನ್ ಸಮಯವನ್ನೂ ಸೇರಿಸಿ ಭಾಗಿಸಿ, ಎಷ್ಟು ಫೋಟೋ ಹಿಡಿಯುತ್ತವೋ ಅಷ್ಟೇ ಫೋಟೋ. ಉಳಿದದ್ದು ಪೆನ್ ಡ್ರೈವ್‌ನಲ್ಲೇ ಇರಲಿ. ಅಕ್ಕ ಸಿಟ್ಟಾದರೂ ಪರವಾಗಿಲ್ಲ.

ಈಗ ಒಂದು ಕೆಲಸ ಮಾಡೋಣ. ನಾನು 5 ಸೆಕೆಂಡು ಸುಮ್ಮನಿರುತ್ತೇನೆ. ರೇಡಿಯೋ ಕೆಟ್ಟಿತು ಅಂತ ಅದರ ತಲೆಗೆ ಬಡಿಯಬೇಡಿ.

(5 ಸೆಕೆಂಡು ಮೌನ)

ಎಷ್ಟು ಉದ್ದ ಅನಿಸಿತು, ಅಲ್ವಾ? ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋವನ್ನು ವಿಡಿಯೋ ಮಾಡಲು ಹೋದರೆ, ನೀವು ಸಮಯ ಕೊಡದ ಸ್ಲೈಡುಗಳಿಗೆ ಅದು ತಾನೇ ಕೊಡುವುದು ಈ 5 ಸೆಕೆಂಡು. ಒಬ್ಬರ ಮುಖದ ಫೋಟೋಕ್ಕೆ ಇದು ಧಾರಾಳ ಆಯಿತು. ಆದರೆ ಒಂದು ತರಗತಿಯ 60 ಮಕ್ಕಳ ಗ್ರೂಪ್ ಫೋಟೋಕ್ಕೆ ಯಾತಕ್ಕೂ ಸಾಲುವುದಿಲ್ಲ. ಪ್ರತಿ ತಾಯಿಯೂ ತನ್ನ ಕೂಸು ಎಲ್ಲಿದೆ ಅಂತ ಹುಡುಕುತ್ತಿರುತ್ತಾಳೆ. ಸಿಗುವಷ್ಟರಲ್ಲಿ ಫೋಟೋ ಹೋಗಿಬಿಟ್ಟರೆ ಹೇಗೆ? ಅದಕ್ಕೆ ಎಲ್ಲ ಸ್ಲೈಡಿಗೂ ಒಂದೇ ಸಮಯ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಸಮಯ ಅಳೆಯಲು ಸುಲಭದ ದಾರಿ ‘ರಿಹರ್ಸ್ ಟೈಮಿಂಗ್ಸ್’. ನಾಟಕದ ತಾಲೀಮು ಇದ್ದ ಹಾಗೆ. ಅದನ್ನು ಒತ್ತಿದರೆ ಶೋ ಶುರುವಾಗುತ್ತದೆ, ಮೂಲೆಯಲ್ಲಿ ಗಡಿಯಾರ ಓಡುತ್ತದೆ. ನೀವು ಯಾವಾಗ ಮುಂದೆ ಹೋದಿರಿ ಅನ್ನುವುದನ್ನು ಬರೆದಿಟ್ಟುಕೊಂಡು, ಕೊನೆಗೆ ಇದನ್ನೇ ಇಟ್ಟುಕೊಳ್ಳಲಾ ಅಂತ ಕೇಳುತ್ತದೆ. ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲೂ ಇದು ಇದೆ. ಅಲ್ಲಿ ಮಾತ್ರ ಆ ಗಡಿಯಾರದ ಮೇಲೆಯೇ ಕ್ಲಿಕ್ ಮಾಡಬೇಕು, ಬೇರೆ ಕಡೆ ಒತ್ತಿದರೆ ಸಮಯ ದಾಖಲಾಗುವುದಿಲ್ಲ.

ಈ ತಾಲೀಮಿಗೆ ನಾನು ನಮ್ಮ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವಳು ಚಾಳೀಸು ಏರಿಸಿಕೊಂಡು ನೋಡುತ್ತಾಳೆ. “ತಡಿಯೋ, ಇಂವ ಯಾರು ನೋಡ್ತೀನಿ” ಅನ್ನುತ್ತಾಳೆ. ಗುರುತು ಸಿಕ್ಕರೆ “ಹ್ಞೂಂ”. ಆ ಹ್ಞೂಂಗೆ ನಾನು ಕ್ಲಿಕ್ ಮಾಡುತ್ತೇನೆ. ಅವ್ವನ ಹ್ಞೂಂ ಒಂದೊಂದು ಸಲ 3 ಸೆಕೆಂಡಿಗೆ ಬರುತ್ತದೆ, ಒಂದೊಂದು ಸಲ 12 ಸೆಕೆಂಡಿಗೆ. ಹಾಲ್‌ನಲ್ಲಿ ಕೂತ ಜನರೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಹ್ಞೂಂ ಅನ್ನುತ್ತಾರೆ. ಸಮಯ ಕೂತ ಮೇಲೆ ‘ಆನ್ ಮೌಸ್ ಕ್ಲಿಕ್’ ಮುಂದಿನ ಟಿಕ್ ತೆಗೆದುಬಿಡಿ. ಇಲ್ಲದಿದ್ದರೆ ಯಾರದೋ ಕೈ ಮೌಸಿಗೆ ತಗುಲುತ್ತದೆ, ಸ್ಲೈಡ್ ಮುಂದೆ ಹೋಗುತ್ತದೆ, ಹಾಡು ಹಿಂದೆ ಉಳಿಯುತ್ತದೆ.

ಹಾಡು ಹಾಕುವುದು ‘ಇನ್ಸರ್ಟ್’ನಲ್ಲಿ ‘ಆಡಿಯೋ’. ಸುಮ್ನೆ ಹಾಕಿಬಿಟ್ಟರೆ ಅದು ಆ ಒಂದು ಸ್ಲೈಡಿಗೇ ಅಂಟಿಕೊಂಡಿರುತ್ತದೆ. ಮುಂದಿನ ಫೋಟೋ ಬಂದ ಕೂಡಲೇ ಬಂದ್. ಸ್ಪೀಕರ್ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ‘ಪ್ಲೇಬ್ಯಾಕ್’ ಟ್ಯಾಬ್ ಕಾಣುತ್ತದೆ. ಅಲ್ಲಿ ‘ಪ್ಲೇ ಇನ್ ಬ್ಯಾಕ್‌ಗ್ರೌಂಡ್’ ಒತ್ತಿ. ಒಂದೇ ಏಟಿಗೆ ನಾಲ್ಕು ಕೆಲಸ ಆಗುತ್ತದೆ. ಹಾಡು ತಾನೇ ಶುರುವಾಗುತ್ತದೆ, ಎಲ್ಲ ಸ್ಲೈಡಿಗೂ ಹರಿಯುತ್ತದೆ, ಮುಗಿದರೆ ಮತ್ತೆ ಮೊದಲಿಂದ ಬರುತ್ತದೆ, ಆ ಸ್ಪೀಕರ್ ಚಿತ್ರ ಪರದೆಯ ಮೇಲೆ ಕಾಣುವುದಿಲ್ಲ. ಎರಡು ಹಾಡು ಬೇಕಿದ್ದರೆ ಮಾತ್ರ ಆನಿಮೇಶನ್ ಪೇನ್‌ಗೆ ಹೋಗಿ, ಇಷ್ಟು ಸ್ಲೈಡ್ ಆದ ಮೇಲೆ ಇದು ನಿಲ್ಲಲಿ ಅಂತ ಹೇಳಬೇಕು. ಅಲ್ಲಿ ಮೊದಲೇ 999 ಅಂತ ಕೂತಿರುತ್ತದೆ, ಗಾಬರಿ ಬೇಡ. ಅದನ್ನು ತೆಗೆದು ನಿಮಗೆ ಬೇಕಾದ ಸಂಖ್ಯೆ ಹಾಕಿ. ಇನ್ನು ಕೊನೆಗೆ ಹಾಡು ಕತ್ತು ಹಿಸುಕಿದ ಹಾಗೆ ನಿಲ್ಲಬಾರದು. ‘ಫೇಡ್ ಔಟ್’ ಮುಂದೆ 3 ಸೆಕೆಂಡು ಹಾಕಿದರೆ ಸದ್ದು ತಾನಾಗಿ ತಗ್ಗುತ್ತದೆ.

ಈಗ ನನ್ನ ದೊಡ್ಡ ತಪ್ಪು ಹೇಳಬೇಕು. ಒಬ್ಬ ಹಿರಿಯ ಶಿಕ್ಷಕರ ಬೀಳ್ಕೊಡುಗೆ ಇತ್ತು. ಟ್ರಾನ್ಸಿಷನ್‌ಗೆ ಸದ್ದು ಕೊಡುವ ಒಂದು ಪಟ್ಟಿ ಇದೆ. ಕ್ಯಾಮೆರಾ, ಡ್ರಮ್ಮು, ಬಾಂಬು, ಗಾಳಿ, ಏನೇನೋ ಇವೆ. ಕೊನೆಯ ಸ್ಲೈಡ್ ಬಂದಾಗ ಚಪ್ಪಾಳೆ ಕೇಳಲಿ ಅಂತ ‘ಅಪ್ಲಾಸ್’ ಆರಿಸಿದೆ. ಆಮೇಲೆ ಅದೇ ಸ್ಲೈಡಿನಲ್ಲಿ ಫೇಡ್ ಸಮಯ ಸ್ವಲ್ಪ ತಿದ್ದಿ, ಎಲ್ಲಕ್ಕೂ ಇದೇ ಇರಲಿ ಅಂತ ‘ಅಪ್ಲೈ ಟು ಆಲ್’ ಒತ್ತಿದೆ. ಈ ಗುಂಡಿ ನೀವು ಬಯಸಿದ ಒಂದನ್ನೇ ಹಂಚುವುದಿಲ್ಲ. ಆ ಸ್ಲೈಡಿನ ಟ್ರಾನ್ಸಿಷನ್, ಅದರ ವೇಗ, ಸಮಯ, ಸದ್ದು, ಎಲ್ಲವನ್ನೂ ಹಂಚಿಬಿಡುತ್ತದೆ. ನನ್ನ ಲ್ಯಾಪ್‌ಟಾಪ್‌ನ ಸದ್ದು ಆಗ ಬಂದ್ ಇತ್ತು. ಗೊತ್ತಾಗಲಿಲ್ಲ.

ಸಭೆಯಲ್ಲಿ ಪ್ರತಿ ಫೋಟೋಕ್ಕೂ ಚಪ್ಪಾಳೆ. ಮೊದಲು ಜನ ನಕ್ಕರು. ಆಮೇಲೆ ತೀರಿಕೊಂಡಿದ್ದ ನಮ್ಮ ಹಳೆಯ ಹೆಡ್‌ಮಾಸ್ತರರ ಫೋಟೋ ಬಂತು. ಅದಕ್ಕೂ ಭರ್ತಿ ಚಪ್ಪಾಳೆ. ಅವರ ಮನೆಯವರು ಎರಡನೇ ಸಾಲಿನಲ್ಲಿ ಕೂತಿದ್ದರು. ನಾನು ಪ್ರೊಜೆಕ್ಟರ್ ಹಿಂದೆ ಬಗ್ಗಿ ವೈರ್ ಸರಿಮಾಡುವವನ ಹಾಗೆ ಕೂತುಬಿಟ್ಟೆ. ಇವತ್ತಿಗೂ ನಾನು ಆ ಸದ್ದಿನ ಪಟ್ಟಿಯ ಹತ್ತಿರ ಸುಳಿಯುವುದಿಲ್ಲ. ಎಲ್ಲಕ್ಕೂ ಹಂಚಬೇಕಾದದ್ದನ್ನು ಮೊದಲು ಹಂಚಿ, ಬಿಡಿ ಸ್ಲೈಡಿನ ಕೆಲಸ ಆಮೇಲೆ ಮಾಡುತ್ತೇನೆ.

ಹಾಲ್‌ಗೆ ಅರ್ಧ ಗಂಟೆ ಮೊದಲೇ ಹೋಗುವುದೂ ಅಂದಿನಿಂದಲೇ ಬಂದ ರೂಢಿ. ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡಲೇ ಎಷ್ಟೋ ಲ್ಯಾಪ್‌ಟಾಪ್‌ಗಳು ಸದ್ದನ್ನೂ ಪ್ರೊಜೆಕ್ಟರ್ ಕಡೆ ಕಳಿಸಿಬಿಡುತ್ತವೆ. ದೊಡ್ಡ ಸ್ಪೀಕರ್ ಮೂಕ. ಕೆಳಗಿನ ಮೂಲೆಯ ಸ್ಪೀಕರ್ ಗುರುತಿನಲ್ಲಿ ಸದ್ದು ಎಲ್ಲಿಗೆ ಹೋಗಬೇಕು ಅಂತ ಬದಲಿಸಿದರೆ ಸರಿಹೋಗುತ್ತದೆ. ಇನ್ನು ಹಳೆಯ 2007ರ ಪವರ್‌ಪಾಯಿಂಟ್‌ನಲ್ಲಿ ಮಾಡಿದ ಫೈಲಾದರೆ ಹಾಡಿನ ಎಂಪಿ3ಯನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ಹಾಡು ಫೈಲಿನೊಳಗೆ ಸೇರುತ್ತಿರಲಿಲ್ಲ, ವಿಳಾಸ ಮಾತ್ರ ಇರುತ್ತಿತ್ತು. 2010ರ ಆವೃತ್ತಿಯಿಂದ ಆ ತಾಪತ್ರಯ ಇಲ್ಲ.

ನಮ್ಮದೇ ದನಿ ಸೇರಿಸುವುದು ಇನ್ನೊಂದು ಕಥೆ. ‘ರೆಕಾರ್ಡ್’ ಒತ್ತಿ ಮಾತಾಡುತ್ತಾ ಹೋದರೆ ಪ್ರತಿ ಸ್ಲೈಡಿಗೂ ದನಿ, ಸಮಯ ಎರಡೂ ಕೂರುತ್ತವೆ. ಆದರೆ ಸ್ಲೈಡ್ ಬದಲಾಗುವ ಹೊತ್ತಿನಲ್ಲಿ ಅದು ದನಿ ಹಿಡಿಯುವುದಿಲ್ಲ. ನೀವು ಆಗಲೂ ಮಾತಾಡುತ್ತಿದ್ದರೆ ಮಾತಿನ ತುದಿ ನುಂಗಿಹೋಗುತ್ತದೆ. ಹೊಸ ಫೋಟೋ ಪೂರ್ತಿ ಬಂದ ಮೇಲೆ ಬಾಯಿ ತೆರೆಯಿರಿ. ಅದಕ್ಕಿಂತ ಕಷ್ಟ ನಮ್ಮ ಬೇಸಿಗೆ. ಕಲಬುರಗಿ, ಯಾದಗಿರಿ ಕಡೆಯ ಮೇ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿ 10 ನಿಮಿಷ ಮಾತಾಡಿ ನೋಡಿ. ಫ್ಯಾನ್ ಹಾಕಿದರೆ ರೆಕಾರ್ಡಿಂಗ್‌ನಲ್ಲಿ ವಿಮಾನ ಹಾರಿದ ಹಾಗೆ ಕೇಳುತ್ತದೆ. ನಾನು ಬೆಳಗಿನ 5 ಗಂಟೆಗೆ ಏಳುತ್ತೇನೆ. ಹಾಲಿನವನು ಬರುವುದರೊಳಗೆ ಮುಗಿಸಬೇಕು.

ಮನಸ್ಸಿಗೆ ಒಪ್ಪುವ ಹಾಗೆ ನಾನು ಮಾಡಿದ್ದು ಒಂದೇ ಸ್ಲೈಡ್ ಶೋ. 2023ರಲ್ಲಿ ನಮ್ಮ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತಲ್ಲ, ಆಗ ಮಕ್ಕಳು ಬಿದ್ರಿ ಕೆಲಸದ ಮೇಲೆ ಏನಾದರೂ ಮಾಡೋಣ ಸರ್ ಅಂದರು. ಊರಲ್ಲಿ ನನಗೆ ಪರಿಚಯದ ಒಬ್ಬ ಕುಶಲಕರ್ಮಿ ಇದ್ದಾರೆ. ಚಾಚಾ ಅಂತೀವಿ. ಅವರ ಅಂಗಡಿಯಲ್ಲಿ ಎರಡು ದಿನ ಕೂತೆವು.

ಸತು, ತಾಮ್ರ ಕೂಡಿಸಿ ಎರಕ ಹೊಯ್ಯುವುದು, ಮೈಲುತುತ್ತ ಸವರಿ ಮೇಲ್ಮೈ ಕಪ್ಪು ಮಾಡಿಕೊಂಡು ಚಿತ್ರ ಗೀಚುವುದು, ಉಳಿಯಿಂದ ಕೆತ್ತುವುದು, ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುವುದು. ಎಲ್ಲ ಫೋಟೋ ತೆಗೆದೆವು. ಮಕ್ಕಳು ಕೆತ್ತನೆಯ ಸ್ಲೈಡಿಗೆ ಪವರ್‌ಪಾಯಿಂಟ್‌ನದೇ ‘ಹ್ಯಾಮರ್’ ಸದ್ದು ಹಾಕಿ ಚಾಚಾಗೆ ತೋರಿಸಿದರು. ಅವರು ನಕ್ಕು ಹೇಳಿದರು, “ಇದು ಬಾಗಲಾ ಬಡಿಯೋ ಸುತ್ತಗಿ ಅದರೀ. ಹಿಂಗ್ ಬಡದ್ರ ನನ್ನ ಹೂಜಿ ಉಳೀತದೇನು?” ನಿಜದ ಸದ್ದು ಬಹಳ ಸಣ್ಣದು. ಟಿಕ್ ಟಿಕ್ ಟಿಕ್, ಅಷ್ಟೇ. ಮೊಬೈಲಿನಲ್ಲಿ 40 ಸೆಕೆಂಡು ಹಿಡಿದೆವು. ‘ಟ್ರಿಮ್ ಆಡಿಯೋ’ದಲ್ಲಿ ಆಚೆ ಈಚೆ ಕತ್ತರಿಸಿ ಕೆತ್ತನೆಯ ಸ್ಲೈಡುಗಳಿಗೆ ಹಾಕಿದೆವು. ಆ ಭಾಗಕ್ಕೆ ಹಾಡೇ ಬೇಕಾಗಲಿಲ್ಲ.

ಕೊನೆಯ ಹಂತ ಕಪ್ಪಾಗುವುದು. ಬೆಳ್ಳಿ ಕೂತ ಮೇಲೆ ಉಜ್ಜಿದ ಹೂಜಿ ಬೂದು ಬಣ್ಣಕ್ಕಿರುತ್ತದೆ. ಬೆಳ್ಳಿ ಯಾವುದು, ಲೋಹ ಯಾವುದು ಅಂತ ಸರಿಯಾಗಿ ಕಾಣುವುದೇ ಇಲ್ಲ. ಅದನ್ನು ಹದವಾಗಿ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇದನ್ನು ಹೇಗೆ ತೋರಿಸುವುದು? ಮೊಬೈಲನ್ನು ಎರಡು ಇಟ್ಟಿಗೆ ನಡುವೆ ಸಿಕ್ಕಿಸಿದೆವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದೆವು. ಚಾಚಾ ಸ್ವಲ್ಪ ಉಜ್ಜಿ ಹೂಜಿಯನ್ನು ಅದೇ ವೃತ್ತದಲ್ಲಿ ಇಡಬೇಕು, ನಾವು ಫೋಟೋ ತೆಗೆಯಬೇಕು. ಹೀಗೆ ನಾಲ್ಕು ಸಲ.

ನಾಲ್ಕು ಫೋಟೋ, ನಾಲ್ಕು ಸ್ಲೈಡು, ಒಂದೇ ಅಳತೆ, ಒಂದೇ ಜಾಗ. ನಡುವೆ ಫೇಡ್. ಅದರ ‘ಎಫೆಕ್ಟ್ ಆಪ್ಷನ್ಸ್’ನಲ್ಲಿ ‘ಸ್ಮೂದ್ಲಿ’ ಇರಬೇಕು. ‘ಥ್ರೂ ಬ್ಲ್ಯಾಕ್’ ಇದ್ದರೆ ನಡುವೆ ಪರದೆಯೇ ಕತ್ತಲಾಗಿ ಆಟ ಕೆಡುತ್ತದೆ. ‘ಆಫ್ಟರ್’ ಸೊನ್ನೆ ಸೆಕೆಂಡು. ಆಗ ಒಂದು ಕರಗಿ ಮುಗಿಯುವುದೇ ತಡ, ಇನ್ನೊಂದು ಶುರುವಾಗುತ್ತದೆ. ಪರದೆಯ ಮೇಲೆ ಹೂಜಿ ತಾನಾಗಿಯೇ ಕಪ್ಪೇರುತ್ತದೆ, ಬೆಳ್ಳಿಯ ಬಳ್ಳಿ ಮೇಲಕ್ಕೆ ಎದ್ದು ಬರುತ್ತದೆ. ಮೊದಲು ನಾನು ಒಂದೊಂದು ಫೇಡ್‌ನ ‘ಡ್ಯುರೇಶನ್’ಗೆ 2 ಸೆಕೆಂಡು ಕೊಟ್ಟಿದ್ದೆ. ಚಾಚಾ ನೋಡಿ ತಲೆ ಅಲ್ಲಾಡಿಸಿದರು. “ಒಮ್ಮಿಗೇ ಕರ್ರಗ ಆಗಂಗಿಲ್ರೀ ಸರ್. ಇನ್ನಾ ಸಾವಕಾಶ.” 4 ಮಾಡಿದೆ. “ಇನ್ನಾ.” 6 ಸೆಕೆಂಡು ಮಾಡಿದಾಗ ಸುಮ್ಮನಾದರು.

ಅದೇ ಸ್ಲೈಡುಗಳಿಗಿಂತ ಮುಂಚೆ, ಕೋಟೆ ಮಣ್ಣಿನ ಬಗ್ಗೆ ಅವರು ಮಾತಾಡಿದ್ದನ್ನು ಹಾಕಿದ್ದೇವೆ. ಯಾವ ಮಣ್ಣು ಒಳ್ಳೆಯದು ಅಂತ ನಾಲಿಗೆ ಮೇಲೆ ಇಟ್ಟು ನೋಡುತ್ತೇವೆ ಅಂತ ಹೇಳುತ್ತಾ ನಡುವೆ ಒಮ್ಮೆ ಕೆಮ್ಮುತ್ತಾರೆ. ಪವರ್‌ಪಾಯಿಂಟ್‌ನ ಟ್ರಿಮ್ ಎರಡು ತುದಿಯನ್ನಷ್ಟೇ ಕತ್ತರಿಸುತ್ತದೆ, ನಡುವಿನದನ್ನು ತೆಗೆಯಲು ಬರುವುದಿಲ್ಲ. ಅದಕ್ಕೆ ಒಡಾಸಿಟಿಯಂಥ ಬೇರೆ ಸಾಫ್ಟ್‌ವೇರ್ ಬೇಕು. ಅದು ನನ್ನ ಲ್ಯಾಪ್‌ಟಾಪ್‌ನಲ್ಲಿ ಇದೆ. ಕೆಮ್ಮು ಮಾತ್ರ ಇನ್ನೂ ಹಾಗೇ ಇದೆ, ಮಕ್ಕಳು ತೆಗೆಯಬೇಡಿ ಸರ್ ಅಂದರು.

ನಮಸ್ಕಾರ.