ಹಾಳೆ ತಿರುಗಿಸಿ ನೋಡಿ

ಎಲ್ಲರಿಗೂ 2025ರ ರಾಜ್ಯೋತ್ಸವದ ನಮಸ್ಕಾರ. ವೇದಿಕೆ ಹತ್ತುವ ಮೊದಲು ಅಧ್ಯಕ್ಷರು ಕಿವಿಯಲ್ಲಿ ಒಂದು ಮಾತು ಹೇಳಿದರು. "ಸರ್, ನಮ್ಮ ಸಂಘಕ್ಕೆ ತೆರಿಗೆ ವಿನಾಯ್ತಿ ಇದೆ. ಇಂಥವರಿಗೇ ವೋಟು ಹಾಕಿ ಅಂತ ಮಾತ್ರ ಹೇಳಬೇಡಿ." ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರಲ್ಲ. ನನ್ನ ಮನೆಯಲ್ಲೇ ಯಾರೂ ಕೇಳುವುದಿಲ್ಲ.

ಈಗಷ್ಟೇ ಕಾಫಿ ಕುಡಿಯುತ್ತಾ ಒಬ್ಬರನ್ನು ಕೇಳಿದೆ, ಮಂಗಳವಾರದ ಚುನಾವಣೆಯಲ್ಲಿ ವೋಟು ಹಾಕುತ್ತೀರಾ ಅಂತ. "ರಾಮ ಬಂದರೇನು, ರಾವಣ ಬಂದರೇನು ಸಾರ್, ರಾಗಿ ಬೀಸೋದು ತಪ್ಪುತ್ತಾ?" ಅಂದರು. ಅಮೆರಿಕದ ಈ ವರ್ಜೀನಿಯಾಕ್ಕೆ ಬಂದು ಇಪ್ಪತ್ತು ವರ್ಷ ಆಗಿದೆ ಅವರಿಗೆ. ಮನೆಯಲ್ಲಿ ಇರುವುದು ಮಿಕ್ಸಿ. ಬೀಸುವ ಕಲ್ಲು ಮಾತ್ರ ಇನ್ನೂ ನಾಲಿಗೆಯ ಮೇಲೆ ಭದ್ರವಾಗಿದೆ.

ಆದರೆ ಅವರ ಬೇಸರ ಸುಳ್ಳಲ್ಲ. ಈ ಹಾಲ್‌ನಲ್ಲಿ, ಇಲ್ಲೇ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡಿಗೆ ಕಾದು ಕಾದು ಕೂದಲು ಬೆಳ್ಳಗಾದವರು ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ, ಕಾಣಿಸುತ್ತಿದೆ. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಒಂದು ದೇಶದವರಿಗೆ ನೂರಕ್ಕೆ ಏಳಕ್ಕಿಂತ ಜಾಸ್ತಿ ಇಲ್ಲ ಅನ್ನುವ ಲೆಕ್ಕ 1990ರ ಕಾನೂನಿನದು. ಆಮೇಲೆ ರಿಪಬ್ಲಿಕನ್, ಡೆಮಾಕ್ರಟ್ ಎರಡೂ ಪಕ್ಷದವರು ಬಂದರು, ಹೋದರು, ಮತ್ತೆ ಬಂದರು. 2019ರ ಜುಲೈಯಲ್ಲಿ, ಉದ್ಯೋಗದ ಮೇಲೆ ಸಿಗುವ ಕಾರ್ಡಿಗೆ ಆ ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365ಕ್ಕೆ 65ರಲ್ಲಿ ಪಾಸಾಯಿತು. ಇಬ್ಬರೂ ಸೇರಿಯೇ ಹೂಂ ಅಂದರು. ಮುಂದಿನ ವರ್ಷ ಡಿಸೆಂಬರಿನಲ್ಲಿ ಮೇಲ್ಮನೆ ಸೆನೆಟ್ಟೂ ಹೂಂ ಅಂದಿತು, ಆದರೆ ಬೇರೆ ರೂಪದಲ್ಲಿ. ಎರಡನ್ನೂ ಹೊಂದಿಸುವುದರೊಳಗೆ ಆ ಸಂಸತ್ತಿನ ಅವಧಿಯೇ ಮುಗಿಯಿತು. ಜಗಳ ಆಡಿ ಕೆಡಿಸಿದ್ದರೆ ಬೈಯಬಹುದಿತ್ತು. ಒಪ್ಪಿಕೊಂಡೇ ಕೆಡಿಸಿದರೆ ಯಾರನ್ನು ಬೈಯುವುದು? ರಾಗಿ ಬೀಸುವವರಿಗೆ ನಾನು ಹೇಗೆ ಸಮಾಧಾನ ಹೇಳಲಿ?

ಸಮಾಧಾನ ಹೇಳುವುದಿಲ್ಲ, ಕಥೆ ಹೇಳುತ್ತೇನೆ. ಕೆಲವರು ಇದನ್ನು ನನ್ನಿಂದಲೇ ಕೇಳಿರಬಹುದು. ನನ್ನ ಮಗಳಂತೂ ಈ ಕಥೆ ಶುರುವಾದ ಕೂಡಲೇ ಎದ್ದು ಹೋಗುತ್ತಾಳೆ. ನೋಡಿ, ಹೋದಳು.

2017ರ ನವೆಂಬರ್. ನಮ್ಮದೇ ರಾಜ್ಯದ ನ್ಯೂಪೋರ್ಟ್ ನ್ಯೂಸ್. ವಿಧಾನಸಭೆಯ 94ನೇ ಕ್ಷೇತ್ರ. ರಿಪಬ್ಲಿಕನ್ ಡೇವಿಡ್ ಯಾನ್ಸಿ, ಡೆಮಾಕ್ರಟ್ ಶೆಲ್ಲಿ ಸೈಮಂಡ್ಸ್. ಮೊದಲ ಎಣಿಕೆಯಲ್ಲಿ ಯಾನ್ಸಿ ಹತ್ತು ವೋಟು ಮುಂದೆ. ಮರು ಎಣಿಕೆ ಮಾಡಿದರು, ಸೈಮಂಡ್ಸ್ ಒಂದೇ ಒಂದು ವೋಟು ಮುಂದೆ! ಆಯಮ್ಮ ಗೆದ್ದೆ ಅಂದುಕೊಂಡು ಮಲಗಿರಬೇಕು ಪಾಪ. ಮಾರನೇ ದಿನ ಮೂವರು ನ್ಯಾಯಾಧೀಶರ ಮುಂದೆ ಒಂದು ಬ್ಯಾಲೆಟ್ ಹಾಳೆ ಬಂತು. ಆ ಪುಣ್ಯಾತ್ಮ ಮತದಾರ ಏನು ಮಾಡಿದ್ದ ಗೊತ್ತಾ? ಇಬ್ಬರ ಹೆಸರಿನ ಮುಂದೆಯೂ ಕಪ್ಪು ತುಂಬಿದ್ದ. ಆಮೇಲೆ ಸೈಮಂಡ್ಸ್ ಗುರುತಿನ ಮೇಲೆ ಒಂದು ಗೀಟು ಎಳೆದಿದ್ದ. ಬೇರೆ ಹಾಳೆ ಕೊಡಿ ಅಂತ ಕೇಳಬಹುದಿತ್ತು, ಕೇಳಿಲ್ಲ. ನಮ್ಮ ಸೋದರಮಾವ ಬ್ಯಾಂಕಿನ ಫಾರಂ ತುಂಬುತ್ತಿದ್ದದ್ದು ಹೀಗೇ. ನ್ಯಾಯಾಧೀಶರು ಆ ಗೀಟನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾನ್ಸಿಗೆ ಅಂದರು. ಈಗ ಇಬ್ಬರಿಗೂ 11,608. ಸಮ ಸಮ.

ಕಾನೂನಿನಲ್ಲಿ ಏನಿದೆ? ಚೀಟಿ ಎತ್ತಿ ಅಂತ ಇದೆ. 2018ರ ಜನವರಿ 4ರಂದು ರಿಚ್ಮಂಡ್‌ನಲ್ಲಿ ಚುನಾವಣಾ ಮಂಡಳಿಯವರು ಎರಡು ಹೆಸರು ಬರೆದು ಫಿಲ್ಮ್ ರೋಲಿನ ಡಬ್ಬಿಯಲ್ಲಿ ಹಾಕಿದರು. ಹುಡುಗರಿಗೆ ಆ ಡಬ್ಬಿ ಏನು ಅಂತ ಗೊತ್ತಿರಲಿಕ್ಕಿಲ್ಲ, ನಿಮ್ಮ ಅಪ್ಪನ್ನ ಕೇಳಿ. ಪಿಂಗಾಣಿ ಬಟ್ಟಲಿನಲ್ಲಿ ಕಲಸಿ ಒಂದನ್ನು ಎತ್ತಿದರು. ಯಾನ್ಸಿ. ನೂರು ಸ್ಥಾನದ ಸಭೆಯಲ್ಲಿ ರಿಪಬ್ಲಿಕನ್ನರಿಗೆ 51–49. ಬಟ್ಟಲಿನಿಂದ ಇನ್ನೊಂದು ಡಬ್ಬಿ ಬಂದಿದ್ದರೆ 50–50.

"ನೋಡಿ, ಕೊನೆಗೆ ಲಾಟರಿಯೇ ಅಲ್ವಾ" ಅಂತ ನಗಬಹುದು. ಆದರೆ ಕಥೆಯ ಮುಕ್ಕಾಲು ಪಾಲು ಆಮೇಲೆ ಇದೆ. ಆ ಚುನಾವಣೆಗೆ ಮುಂಚೆ ಲೆಕ್ಕ 66–34 ಇತ್ತು. ಬಡವರ ಆರೋಗ್ಯ ವಿಮೆ ಮೆಡಿಕೇಯ್ಡನ್ನು ವಿಸ್ತರಿಸಿ ಅಂದರೆ ಆ ಸಭೆ ವರ್ಷಗಟ್ಟಲೆ ಆಗಲ್ಲ ಅಂದಿತ್ತು. 2018ರಲ್ಲಿ ಅದೇ ಪಕ್ಷದ ಕೈಯಲ್ಲೇ ಅಧಿಕಾರ. ಆದರೂ ಅವರಲ್ಲೇ ಕೆಲವರು ಡೆಮಾಕ್ರಟರ ಜೊತೆ ಸೇರಿ ಪಾಸು ಮಾಡಿಸಿದರು. ಸುಮಾರು ನಾಲ್ಕು ಲಕ್ಷ ಜನರಿಗೆ ವಿಮೆಯ ಬಾಗಿಲು ತೆರೆಯಿತು. ಯಾಕೆ? ಮನಸ್ಸು ಕರಗಿತಾ? ಇರಬಹುದು. ನನಗೆ ಕಾಣುವುದು ಬೇರೆ. ಹದಿನೈದು ಸೀಟು ಕಳೆದುಕೊಂಡಿದ್ದರು. ಉಳಿದವರಿಗೆ ಹೆದರಿಕೆ ಹುಟ್ಟಿತ್ತು. ಸರ್ಕಾರ ಬದಲಾಗಲಿಲ್ಲ, ಸರ್ಕಾರದ ಎದೆ ಸ್ವಲ್ಪ ನಡುಗಿತು. ವೋಟಿನಿಂದ ಎಷ್ಟೋ ಸಲ ಆಗುವ ಕೆಲಸ ಇಷ್ಟೇ, ಮತ್ತು ಅದು ಸಣ್ಣದಲ್ಲ.

ಒಂದು ವೋಟು ಅಂದಾಗ ನಮ್ಮ ಚಾಮರಾಜನಗರ ಜಿಲ್ಲೆ ಬಿಟ್ಟು ಮುಂದೆ ಹೋಗಲಿಕ್ಕೆ ಆಗುತ್ತದಾ? 2004ರ ವಿಧಾನಸಭೆ ಚುನಾವಣೆ, ಸಂತೇಮರಹಳ್ಳಿ. ಕಾಂಗ್ರೆಸ್ಸಿನ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಡ್ರೈವರಿಗೇ ಅವತ್ತು ವೋಟು ಹಾಕಲು ಬಿಡುವು ಸಿಗಲಿಲ್ಲ ಅಂತ ಪತ್ರಿಕೆಗಳಲ್ಲೆಲ್ಲ ಬಂತು. ಸಾಹೇಬರನ್ನು ಬೂತಿನಿಂದ ಬೂತಿಗೆ ಸುತ್ತಿಸಿದ್ದೇ ಅವನು! ತಮಾಷೆ ಅಂದರೆ, ಆಗ ಜನತಾ ದಳದಲ್ಲಿದ್ದ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದದ್ದು ಕಾಂಗ್ರೆಸ್ಸಿನಿಂದ. ಸಂತೇಮರಹಳ್ಳಿ ಕ್ಷೇತ್ರವೇ ಈಗ ಇಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಐದು ಪಾಯಿಂಟ್ ಬರೆದುಕೊಂಡು ಬಂದಿದ್ದೆ. ಇನ್ನೂ ಒಂದನೆಯದರಲ್ಲೇ ಇದ್ದೇನೆ.

"ಇಬ್ಬರೂ ಬೇಡ, ಮೂರನೆಯವರು ಬರಲಿ" ಅನ್ನುವುದು ನಮ್ಮ ಹುಡುಗರ ಮಾತು. 1992ರಲ್ಲಿ ದೇಶದ ಅಧ್ಯಕ್ಷರ ಚುನಾವಣೆಗೆ ರಾಸ್ ಪೆರೋ ಬಂದರಲ್ಲ. ನೂರಕ್ಕೆ ಸುಮಾರು 19 ವೋಟು, ಕೊನೆಗೆ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಸೊನ್ನೆ. 2000ದಲ್ಲಿ ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು 537 ವೋಟಿನಿಂದ. ಅಲ್ಲಿ ಎರಡೂ ಪಕ್ಷ ಬಿಟ್ಟು ನಿಂತಿದ್ದ ರಾಲ್ಫ್ ನೇಡರ್‌ಗೆ 97 ಸಾವಿರಕ್ಕೂ ಜಾಸ್ತಿ ಬಿದ್ದಿತ್ತು. ಇವತ್ತಿಗೂ ಅವರನ್ನು ಬೈಯುವವರು ಇದ್ದಾರೆ. ಎಲ್ಲರಿಗಿಂತ ಒಂದು ಹೆಚ್ಚು ತೆಗೆದವನಿಗೇ ಪೂರ್ತಿ ಹೋಳಿಗೆ, ಉಳಿದವರಿಗೆ ಖಾಲಿ ಎಲೆ ಅನ್ನುವ ಎಣಿಕೆ ಇರುವ ತನಕ ಇಲ್ಲಿ ಎರಡೇ ಪಕ್ಷ. ನಮ್ಮ ಕರ್ನಾಟಕದಲ್ಲೂ ಇದೇ ಎಣಿಕೆ. 2018ರಲ್ಲಿ ಬಿಜೆಪಿಗೆ ನೂರಕ್ಕೆ ಸುಮಾರು 36 ವೋಟು, 104 ಸೀಟು. 2023ರಲ್ಲೂ ಹೆಚ್ಚುಕಡಿಮೆ ಅದೇ 36, ಸೀಟು 66. ಅಮೆರಿಕದ ಮೇನ್ ರಾಜ್ಯದವರು ಎಣಿಕೆಯನ್ನೇ ಬದಲಾಯಿಸಿಕೊಂಡರು. ಒಂದು, ಎರಡು, ಮೂರು ಅಂತ ಇಷ್ಟದ ಕ್ರಮ ಬರೆಯಬಹುದು ಅಂತ 2016ರಲ್ಲಿ ತೀರ್ಮಾನ ಮಾಡಿದರು. ಹೇಗೆ? ವೋಟು ಹಾಕಿಯೇ. 2024ರಲ್ಲಿ ಇನ್ನೂ ಕೆಲವು ರಾಜ್ಯದವರು ಅದನ್ನೇ ಮುಂದಿಟ್ಟು ಸೋತರು, ಅದೂ ನಿಜ.

ಆಯ್ತು ಆಯ್ತು, ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಅಡುಗೆಯ ಟ್ರೇಗಳೂ ಬಂದಿರುವ ವಾಸನೆ ಇದೆ. ಎರಡು, ಮೂರು ಬಿಟ್ಟೆ. ನಾಲ್ಕನೆಯದು, ನಾನು ಬಂದದ್ದೇ ಅದಕ್ಕೆ: ವೋಟಿನ ಹಾಳೆ ತಿರುಗಿಸಿ ನೋಡಿ. ಮೇಲೆ ದೊಡ್ಡ ಹೆಸರು, ಟಿವಿಯಲ್ಲಿ ಕಿರುಚುವವರು. ನಾವು ಅಲ್ಲಿಗೇ ಪೆನ್ನು ಮುಚ್ಚಿಬಿಡುತ್ತೇವೆ. 2020ರಲ್ಲಿ ಫ್ಲೋರಿಡಾ ಟ್ರಂಪ್ ಅವರನ್ನು ಗೆಲ್ಲಿಸಿತು. ಅದೇ ಹಾಳೆಯಲ್ಲಿ, ಕನಿಷ್ಠ ಕೂಲಿ ಗಂಟೆಗೆ 15 ಡಾಲರ್ ಆಗಲಿ ಅಂತ ನೂರಕ್ಕೆ 60ಕ್ಕೂ ಜಾಸ್ತಿ ಜನ ಹೇಳಿದರು. ಅವರದೇ ಪಕ್ಷದ ಗವರ್ನರ್ ಬೇಡ ಅಂದಿದ್ದರು. 2025ರ ಸೆಪ್ಟೆಂಬರಿಗೆ ಅದು 14 ಡಾಲರ್ ಆಯಿತು. ಪಕ್ಷ ಒಂದು ಕಡೆ, ರಾಗಿ ಒಂದು ಕಡೆ.

ನಮ್ಮ ಕಡೆಯ ಕೌಂಟಿಗಳಲ್ಲಿ ದೀಪಾವಳಿಗೆ ಶಾಲೆಗೆ ರಜೆ ಬಂತಲ್ಲ, ಕೊಟ್ಟದ್ದು ಯಾರು? ಶಾಲಾ ಮಂಡಳಿ. ಅದರ ಚುನಾವಣೆ ಯಾವಾಗ ಆಯಿತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನೇ ಮೊದಲ ಎರಡು ಸಲ ಆ ಭಾಗ ಖಾಲಿ ಬಿಟ್ಟು ಬಂದವನು. ಹೆಸರು ಯಾವುದೂ ಗೊತ್ತಿರಲಿಲ್ಲ, ಸುಮ್ನೆ ನಾಚಿಕೆಯಾಗಿ ಎದ್ದು ಬಂದೆ.

ಐದನೆಯದು ಬಿಡಿ, ಊಟದ ಸಾಲಿನಲ್ಲಿ ಹೇಳುತ್ತೇನೆ.

ಮುಂಚಿತವಾಗಿ ವೋಟು ಹಾಕುವುದು ಇವತ್ತು ಸಂಜೆ 5ಕ್ಕೆ ಮುಗಿದಿದೆ. ಮಂಗಳವಾರ ಬೆಳಿಗ್ಗೆ 6ರಿಂದ ಸಂಜೆ 7ರ ತನಕ ಬೂತು ತೆರೆದಿರುತ್ತದೆ. ಹಿರಿಯರು, ಕಾರು ಓಡಿಸದ ಅಮ್ಮಂದಿರು ಯಾರಾದರೂ ಹೋಗಬೇಕು ಅಂದರೆ ನನಗೆ ಫೋನು ಮಾಡಿ, ನಾನೇ ಡ್ರೈವರ್. ಚಿಂತೆ ಬೇಡ, ಈ ಡ್ರೈವರ್ ವೋಟು ಹೋದ ವಾರವೇ ಹಾಕಿಬಿಟ್ಟಿದ್ದಾನೆ.