ನಾಯಕ, ಕಾರ್ಯಕರ್ತ ಮತ್ತು ನಡುವಿನ ಮೆಟ್ಟಿಲುಗಳು

ಅಧ್ಯಕ್ಷರೇ, ಸಭಿಕರೇ,

ನಾಯಕ ಹೇಗಿರಬೇಕು ಎಂಬ ಬಗ್ಗೆ ಬೆಳಗಿನಿಂದ ಸಾಕಷ್ಟು ಮಾತಾಗಿದೆ. ನಾನು ಅದನ್ನು ಮತ್ತೆ ಎತ್ತುವುದಿಲ್ಲ. ನಾಯಕನಿಗೂ ಅವನನ್ನು ನಂಬಿದವರಿಗೂ ನಡುವೆ ಇರುವ ಮೆಟ್ಟಿಲುಗಳ ಬಗ್ಗೆ ಮಾತಾಡುತ್ತೇನೆ. ನಾಯಕನ ಮಾತು ಇಳಿಯುವುದೂ ಅದರ ಮೇಲೇ, ಜನರ ಮಾತು ಏರುವುದೂ ಅದರ ಮೇಲೇ. ಪಕ್ಷಗಳು, ಚಳವಳಿಗಳು ಕೆಡುವುದು ಹೆಚ್ಚಾಗಿ ಅಲ್ಲೇ.

ಗೋರಖಪುರ ಜಿಲ್ಲೆಯ ಚೌರಿ ಚೌರಾ ನಿಮಗೆಲ್ಲ ಗೊತ್ತು. ಆದರೆ ನಾವು ಆ ಕಥೆಯನ್ನು ಠಾಣೆಗೆ ಬೆಂಕಿ ಬಿದ್ದ ದಿನದಿಂದ ಶುರು ಮಾಡುತ್ತೇವೆ. ಒಂದು ವರ್ಷ ಹಿಂದಿನಿಂದ ಶುರು ಮಾಡಬೇಕು. 1921ರ ಫೆಬ್ರವರಿ 8ರಂದು ಗಾಂಧೀಜಿ ಗೋರಖಪುರಕ್ಕೆ ಬಂದರು. ಪೂರ್ತಿ ಒಂದು ದಿನವೂ ನಿಲ್ಲಲಿಲ್ಲ, ಭಾಷಣ ಮಾಡಿ ಹೊರಟರು. ಅವರು ಹೋದ ಮೇಲೆ ಹಳ್ಳಿಗಳಲ್ಲಿ ಇನ್ನೊಬ್ಬ ಗಾಂಧಿ ಹುಟ್ಟಿಕೊಂಡರು. ಅವರ ಹೆಸರು ಹೇಳಿದರೆ ಬತ್ತಿದ ಬಾವಿಯಲ್ಲಿ ನೀರು ಬರುತ್ತದೆ, ಅವರನ್ನು ಬೈದವನ ಮನೆಗೆ ಕೇಡು ತಟ್ಟುತ್ತದೆ, ಹೀಗೆ. ಬಾಯಿಂದ ಬಾಯಿಗೆ ಹೋದ ಈ ಸುದ್ದಿಗಳನ್ನು ಅಲ್ಲಿಯ 'ಸ್ವದೇಶ್' ವಾರಪತ್ರಿಕೆ ಅಚ್ಚು ಹಾಕಿತು. ರೈತರನ್ನು ಮುಗ್ಧರು ಎಂದು ನಗಬೇಡಿ. ಜಮೀನ್ದಾರನಿಗೂ ಠಾಣೆಗೂ ಹೆದರಿ ಬದುಕಿದವರು ಅವೆರಡಕ್ಕಿಂತ ದೊಡ್ಡ ಶಕ್ತಿಯೊಂದನ್ನು ಕಟ್ಟಿಕೊಂಡರು, ಅದಕ್ಕೆ ಗಾಂಧಿ ಎಂದು ಹೆಸರಿಟ್ಟರು. ನಾಯಕನನ್ನು ಜನ ಹೀಗೂ ತಯಾರಿಸುತ್ತಾರೆ, ಅವನ ಅಪ್ಪಣೆ ಕೇಳದೆ.

ಈಗ ನಡುವಿನ ಮೆಟ್ಟಿಲು ನೋಡಿ. ಅಸಹಕಾರ ಚಳವಳಿಯ ಸ್ವಯಂಸೇವಕನಾಗುವವನು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕಿತ್ತು, ಅದರಲ್ಲಿ ಅಹಿಂಸೆಯ ಮಾತೂ ಇತ್ತು. ಕಾಗದ ಹಳ್ಳಿಗೆ ತಲುಪಿತು. ಆದರೆ ಮುಂಡೇರಾ ಬಜಾರಿನಲ್ಲಿ ದರೋಗಾ, ಅಂದರೆ ಠಾಣೆಯ ಅಧಿಕಾರಿ, ಲಾಠಿ ಬೀಸಿದಾಗ ಏನು ಮಾಡಬೇಕೆಂದು ಪಕ್ಕದಲ್ಲಿ ನಿಂತು ಹೇಳುವವರು ತಲುಪಲಿಲ್ಲ. ಅಲ್ಲಿ ಪಿಕೆಟಿಂಗ್ ಮಾಡಿದ ಸ್ವಯಂಸೇವಕರಿಗೆ ಏಟು ಬಿತ್ತು. ಅದನ್ನು ಪ್ರಶ್ನಿಸಲೆಂದು 1922ರ ಫೆಬ್ರವರಿ 4ರಂದು ಡುಮ್ರಿಯಲ್ಲಿ ಸೇರಿದ ಜನ ಠಾಣೆಯತ್ತ ಹೊರಟರು. ಪೊಲೀಸರು ಗುಂಡು ಹಾರಿಸಿದರು, ಮದ್ದು ಮುಗಿಯಿತು, ಠಾಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜನ ಬೆಂಕಿ ಇಟ್ಟರು. ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧೀಜಿಗೆ ಜೈ ಎನ್ನುತ್ತಲೇ ಇದು ನಡೆಯಿತು.

ಮುಂದಿನ ವಾರ ಬಾರ್ಡೋಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಚಳವಳಿಯನ್ನು ನಿಲ್ಲಿಸಿತು. ಗಾಂಧೀಜಿ ಐದು ದಿನ ಉಪವಾಸ ಮಾಡಿದರು. ಜೈಲಿನಲ್ಲಿದ್ದ ನೆಹರೂಗಳು, ಲಾಲಾ ಲಜಪತ್ ರಾಯ್ ಎಲ್ಲರೂ ಕುದಿದುಹೋದರು. ಎಲ್ಲೋ ಒಂದು ಹಳ್ಳಿಯ ತಪ್ಪಿಗೆ ಇಡೀ ದೇಶವನ್ನು ನಿಲ್ಲಿಸುವುದೇ? ಫೆಬ್ರವರಿ 19ರಂದು ಗಾಂಧೀಜಿ ಜವಾಹರಲಾಲರಿಗೆ ಬರೆದ ಉತ್ತರವನ್ನು ರಾಜಕೀಯದಲ್ಲಿರುವ ಪ್ರತಿಯೊಬ್ಬರೂ ಓದಬೇಕು. ಗೋರಖಪುರದ ಘಟನೆಗೆ ಮೊದಲೇ ಕಲ್ಕತ್ತ, ಅಲಹಾಬಾದ್, ಪಂಜಾಬಿನಿಂದ ಹಿಂದೂಗಳೂ ಮುಸಲ್ಮಾನರೂ ನನಗೆ ಕಾಗದ ಬರೆದಿದ್ದರು, ತಪ್ಪೆಲ್ಲ ಸರ್ಕಾರದ್ದೇ ಅಲ್ಲ, ನಮ್ಮವರೂ ಮೇಲೆ ಬೀಳುವ ಸ್ವಭಾವದವರಾಗುತ್ತಿದ್ದಾರೆ ಎಂದು ತಿಳಿಸಿದ್ದರು, ಎಂಬುದು ಅದರ ಸಾರ.

ಇಲ್ಲಿ ನಿಲ್ಲಿ. ಕೋಟ್ಯಂತರ ಜನ ಮಹಾತ್ಮ ಎನ್ನುತ್ತಿದ್ದ ವ್ಯಕ್ತಿಗೆ ನಿಮ್ಮ ಜನ ಕೆಡುತ್ತಿದ್ದಾರೆ ಎಂದು ಬರೆಯುವ ಧೈರ್ಯ ಕೆಲವರಿಗಿತ್ತು. ಆ ಕಾಗದಗಳು ಕೈಗೆ ತಲುಪಿದವು. ಅವರು ಓದಿದರು. ಅದೇ ತಿಂಗಳ ಕೊನೆಗೆ ದೆಹಲಿಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿದಾಗ ಗಾಂಧೀಜಿಯ ವಿರುದ್ಧವೇ ಖಂಡನಾ ನಿರ್ಣಯ ಮಂಡನೆಯಾಯಿತು. ಬಿದ್ದುಹೋಯಿತು, ಇರಲಿ. ಮಂಡಿಸಲು ಸಾಧ್ಯವಿತ್ತು.

ನಾಯಕನ 'ಬೇಡ'ಕ್ಕೂ ಬೆಲೆ ತೆರುವವರು ಕೆಳಗಿನವರೇ, ಅದನ್ನೂ ಹೇಳಬೇಕು. ಸೆಷನ್ಸ್ ನ್ಯಾಯಾಲಯ ಚೌರಿ ಚೌರಾದ 172 ಜನರಿಗೆ ಮರಣದಂಡನೆ ವಿಧಿಸಿತು. ಮದನ ಮೋಹನ ಮಾಲವೀಯರು ಹೈಕೋರ್ಟಿನಲ್ಲಿ ವಾದಿಸಿದರು. 19 ಜನರ ಗಲ್ಲು ಮಾತ್ರ ಉಳಿಯಿತು. 'ಮಾತ್ರ' ಎಂದೆ, ಆ ಹತ್ತೊಂಬತ್ತು ಮನೆಗಳ ಮುಂದೆ ನಿಂತು ಈ ಪದ ಆಡಲಾಗದು.

ಮೆಟ್ಟಿಲು ಮುಚ್ಚಿದರೆ ಏನಾಗುತ್ತದೆ? 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂತು, ಪತ್ರಿಕೆಗಳಿಗೆ ಸೆನ್ಸಾರ್ ಬಂತು, ವಿರೋಧ ಪಕ್ಷದವರು ಜೈಲು ಸೇರಿದರು. ಉತ್ತರದ ಹಳ್ಳಿಗಳಲ್ಲಿ ಬಲವಂತದ ಸಂತಾನಶಕ್ತಿಹರಣ ಎಷ್ಟು ಸಿಟ್ಟು ಹುಟ್ಟಿಸಿತ್ತೆಂದು ಪತ್ರಿಕೆ ಬರೆಯುವಂತಿರಲಿಲ್ಲ, ಗುರಿ ಮುಟ್ಟಿಸಿದ ಅಧಿಕಾರಿ ಹೇಳುವಂತಿರಲಿಲ್ಲ, ಕಾರ್ಯಕರ್ತ ಬಾಯಿ ಬಿಡುವಂತಿರಲಿಲ್ಲ. 1977ರ ಮಾರ್ಚಿನಲ್ಲಿ ಮತಪೆಟ್ಟಿಗೆ ಹೇಳಿತು. ಉತ್ತರ ಪ್ರದೇಶದ 85 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ. ಪ್ರಧಾನಿಯೇ ರಾಯ್‌ಬರೇಲಿಯಲ್ಲಿ ಸೋತರು. ಸುದ್ದಿ ಮೆಟ್ಟಿಲು ಹತ್ತಿ ಬಂದಿದ್ದರೆ ತಿದ್ದಿಕೊಳ್ಳಲು ಹೊತ್ತಿತ್ತು.

ಇದು ಒಂದು ಪಕ್ಷದ ಕಾಯಿಲೆಯೆಂದು ಯಾರೂ ನೆಮ್ಮದಿ ಪಡಬೇಡಿ. ಬೂತ್ ಮಟ್ಟದ ಕಾರ್ಯಕರ್ತ 'ಇಲ್ಲಿ ಕಷ್ಟವಿದೆ' ಎನ್ನುತ್ತಾನೆ. ತಾಲ್ಲೂಕಿನವರು 'ಸ್ವಲ್ಪ ಓಡಾಡಿದರೆ ಸರಿಹೋಗುತ್ತದೆ' ಎಂದು ಬರೆಯುತ್ತಾರೆ. ಜಿಲ್ಲೆಯವರು 'ವಾತಾವರಣ ಚೆನ್ನಾಗಿದೆ' ಎನ್ನುತ್ತಾರೆ. ಯಾರೂ ಹಸಿ ಸುಳ್ಳು ಹೇಳಲಿಲ್ಲ. ಟಿಕೆಟ್ಟು, ಹುದ್ದೆ ಎರಡೂ ಮೇಲಿನವರ ಕೈಯಲ್ಲಿರುವಾಗ ಒಬ್ಬೊಬ್ಬರೂ ಒಂದೊಂದು ಚಮಚ ಸಕ್ಕರೆ ಹಾಕಿದರು, ಅಷ್ಟೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಶಾಸಕರ ವಿಷಯ ಬೇಗ ಮುಗಿಸುತ್ತೇನೆ. ಪಕ್ಷದಿಂದ ಪಕ್ಷಕ್ಕೆ ಹಾರುವ ಆಯಾರಾಮ್ ಗಯಾರಾಮರನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಉದ್ದೇಶ ಸರಿಯಾಗಿತ್ತು. ಆದರೆ ಅನುಮತಿಯಿಲ್ಲದೆ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದವನನ್ನು, ಸದನಕ್ಕೆ ಬಂದು ಮತ ಹಾಕದವನನ್ನು, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಸರ್ಕಾರ ಉಳಿಯುವ ಅಳಿಯುವ ಮತಕ್ಕೆ ಈ ಬಿಗಿ ಇರಲಿ. ಸಾಮಾನ್ಯ ಮಸೂದೆಗೂ ಯಾಕೆ? ಕ್ಷೇತ್ರದ ಜನ ಬೇಡವೆಂದದ್ದಕ್ಕೆ ಅವರ ಪ್ರತಿನಿಧಿ ಕೈ ಎತ್ತಿ ಬರುತ್ತಾನೆ. ಅದೂ ಒಂದು ಮುಚ್ಚಿದ ಮೆಟ್ಟಿಲು.

ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ರಾಜಕೀಯದ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಕೊಟ್ಟ ಎಚ್ಚರಿಕೆಯನ್ನು ವಿವರಿಸಬೇಕೆಂದಿದ್ದೆ. ಹೊತ್ತಿಲ್ಲ, ನಿಮಗದು ಗೊತ್ತೂ ಇದೆ.

ಮಾಡಬಹುದಾದ ಕೆಲಸ ಹೇಳಿ ಇಳಿಯುತ್ತೇನೆ. ನಿಮ್ಮ ಪಕ್ಷದ, ಸಂಘದ ಮುಂದಿನ ಸಭೆಯಲ್ಲಿ ಎಲ್ಲರಿಗಿಂತ ಕಿರಿಯ ಕಾರ್ಯಕರ್ತನಿಗೆ ಮೊದಲು ಮಾತು ಕೊಡಿ, ನಾಯಕರು ಕೊನೆಗೆ ಮಾತಾಡಲಿ. ನಾಯಕರು ಮೊದಲು ಬಾಯಿ ತೆರೆದರೆ ಉಳಿದವರಿಗೆ ಅನುಮೋದನೆಯೊಂದೇ ಉಳಿಯುತ್ತದೆ. ಒಪ್ಪದವರ ಮಾತನ್ನು ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಯಿರಿ. ಪದಾಧಿಕಾರಿಗಳನ್ನು ಗುಪ್ತ ಮತದಿಂದ ಆರಿಸಿ. ಆರು ತಿಂಗಳಾದ ಮೇಲೆ ಆ ಪುಸ್ತಕ ತೆರೆದು, ಒಪ್ಪದವರು ಹೇಳಿದ್ದರಲ್ಲಿ ಯಾವುದು ನಿಜವಾಯಿತೆಂದು ಸಭೆಯಲ್ಲೇ ಗಟ್ಟಿಯಾಗಿ ಓದಿ.

ನಮಸ್ಕಾರ.